ಹಾಲೇಶಪ್ಪನ ಮರಿಗಾಡಿ

ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಒಳ್ಳೆಯ ಟೈರು ಬರುತ್ತದೆ. ಆದರೆ ಚಪ್ಪಲಿ ಕಪ್ಪು ಅಟ್ಟೆಯದೇ ಆಗಿರಬೇಕು, ಅದೂ ಯಾರಾದರೂ ವರ್ಷವಾದರೂ ಮೆಟ್ಟಿ ನಡೆದಿರಬೇಕು. ಹೊಸ ರಬ್ಬರು ಬ್ಲೇಡು ತಾಗಿದರೆ ಪುಟಿಯುತ್ತದೆ, ದುಂಡಗೆ ಬರುವುದಿಲ್ಲ. ಕಿಟಕಿ ಗಾಜಿಗೆ ಕ್ಯಾಸೆಟ್ಟಿನ ಡಬ್ಬಿ, ಬಂಪರಿಗೆ ಹಳೇ ಟಾರ್ಚಿನ ತಗಡು, ವೈಪರಿಗೆ ಸ್ಟೇಪ್ಲರ್ ಪಿನ್ನು. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನ ಹೆಸರು ಓಂಕಾರಪ್ಪ. ನಮ್ಮ ಊರಿನಲ್ಲಿ ಮರಿಗಾಡಿ ಕಟ್ಟುವವನು ನಾನೊಬ್ಬನೇ, ಆದ್ದರಿಂದ ನನ್ನ ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ಇನ್ನೊಬ್ಬನಿಲ್ಲ. ಚೆನ್ನಾಗಿದೆ ಎಂದು ನಾನೇ ಹೇಳಿಕೊಳ್ಳುತ್ತೇನೆ.

ನಮ್ಮೂರಿನಿಂದ ಆಚೆ ಹೋಗುವ ಕಾರು ತನ್ನ ಮರಿಯೊಂದನ್ನು ಊರಿನಲ್ಲಿ ಬಿಟ್ಟೇ ಹೋಗಬೇಕು. ಒಂದು ಗೇಣಿಗಿಂತ ಬೆರಳಷ್ಟು ಕಡಿಮೆ ಉದ್ದದ, ಎಲ್ಲದರಲ್ಲೂ ತಾಯಿಯನ್ನೇ ಹೋಲುವ ಮರಿ. ಅದು ಸರಿಯಾಗಿ ಬಂದಿದ್ದರೆ ತಾಯಿ ಎಲ್ಲೇ ಓಡಲಿ, ಇಲ್ಲಿ ಮರಿಯ ಚಕ್ರಗಳೂ ತಿರುಗುತ್ತವೆ. ಅದು ನಿಂತರೆ ಇದೂ ನಿಲ್ಲುತ್ತದೆ. ಇದನ್ನು ಚಕ್ರ ಹಿಡಿಯುವುದು ಎನ್ನುತ್ತೇವೆ. ಹೊರಡುವವರು ಕಾರನ್ನು ಊರಬಾಗಿಲಿನ ಕಮಾನಿನವರೆಗೆ ಓಡಿಸಿಕೊಂಡು ಹೋಗುತ್ತಾರೆ. ಕಮಾನು ಕಾಯುವ ಜಬ್ಬಾರ್ ಸಾಬರು ಅಲ್ಲಿಂದ ನನಗೆ ಫೋನು ಮಾಡುತ್ತಾರೆ. “ಹಿಡೀತೇನ್ರೀ?” ಎನ್ನುತ್ತಾರೆ. “ಹಿಡೀತು, ಬಿಡ್ರಿ” ಎಂದು ನಾನಂದರೆ ಅಡ್ಡಗಂಬ ಮೇಲೇಳುತ್ತದೆ. ಹಿಡಿಯಲಿಲ್ಲ ಎಂದರೆ ಕಾರು ವಾಪಸು ಬರುತ್ತದೆ, ನಾನು ಮತ್ತೆ ಮರಳು ಕಾಗದ ಕೈಗೆತ್ತಿಕೊಳ್ಳುತ್ತೇನೆ.

ಬಣ್ಣ, ಆಕಾರ ಸರಿಯಿದ್ದ ಮಾತ್ರಕ್ಕೆ ಚಕ್ರ ಹಿಡಿಯುವುದಿಲ್ಲ. ಎಡಬಾಗಿಲಿನ ನೆಗ್ಗು, ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ದೇವರು, ಹಿಂದಿನ ಸೀಟಿನಲ್ಲಿ ಮಗು ವಾಂತಿ ಮಾಡಿದ ಕಲೆ, ಎಲ್ಲವೂ ಬರಬೇಕು. ಹೀಗಾಗಿ ಮನೆಯಲ್ಲಿ ಹೇಳದ್ದನ್ನೂ ಜನ ನನ್ನೆದುರು ಹೇಳುತ್ತಾರೆ. ಜವಳಿ ಅಂಗಡಿಯವರೊಬ್ಬರ ಮರಿಗಾಡಿ ಮೂರು ದಿನ ಹಿಡಿಯದೆ ಸತಾಯಿಸಿ, ಕೊನೆಗೆ ಅವರು ಸೀಟಿನಡಿ ಇಟ್ಟಿದ್ದ ಮಲ್ಲಿಗೆ ಎಣ್ಣೆಯ ಸೀಸೆಯ ವಿಷಯ ಬಾಯಿಬಿಟ್ಟ ಮೇಲೆ ಹಿಡಿಯಿತು. ಅವರ ಹೆಂಡತಿ ತಲೆಗೆ ಹರಳೆಣ್ಣೆ ಹಚ್ಚುವವರು. ನಾನು ಅಕ್ಕಿಕಾಳಿನಷ್ಟು ಸೀಸೆ ಮಾಡಿ ಇಟ್ಟು ಬಾಯಿಗೆ ಬೀಗ ಹಾಕಿಕೊಂಡೆ.

ಮರಿಗಾಡಿ ಮನೆ ಎಂದರೆ ಮೊದಲು ಧಾನ್ಯ ತುಂಬುತ್ತಿದ್ದ ಮಳಿಗೆ. ಮುಂದಿನ ಹಜಾರದಲ್ಲಿ ಗೋಡೆಯುದ್ದಕ್ಕೂ ಹಲಗೆಗಳಿವೆ. ಒಂದೊಂದು ಮರಿಗಾಡಿಯೂ ಪುಟ್ಟ ಮಣೆಯ ಮೇಲೆ, ಚಕ್ರ ನೆಲ ಮುಟ್ಟದ ಹಾಗೆ ಕೂತಿದೆ. ಇಲ್ಲದಿದ್ದರೆ ಓಡಿ ಬಿದ್ದುಹೋಗುತ್ತವೆ. ಹಿಂದಿನ ಕೋಣೆಯಲ್ಲಿ ನನ್ನ ಮಂಚ, ಒಲೆ. ಹಜಾರದ ಬಾಗಿಲನ್ನು ಹಗಲು ಹಾಕುವಂತಿಲ್ಲ, ಯಾರು ಬೇಕಾದರೂ ಬಂದು ತಮ್ಮ ಗಾಡಿ ನೋಡಬಹುದು. “ಇನ್ನೂ ಓಡ್ತಾ ಐತೆ, ಅನ್ನಕ್ಕಿಡೋದು ತಡ ಮಾಡ್ತೀನಿ” ಎಂದುಕೊಂಡು ಹೋಗುವ ಹೆಂಗಸರಿದ್ದಾರೆ. ಗಾಡಿ ಪಂಕ್ಚರ್ ಆಗಿದೆ, ನಾಳೆ ಬರುತ್ತೇನೆ ಎಂದು ಸುದ್ದಿ ಕಳಿಸಿದ ಗಂಡನ ಮರಿಗಾಡಿ ಗಿರ್ರನೆ ತಿರುಗುತ್ತಿರುವುದನ್ನು ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತವರೂ ಇದ್ದಾರೆ. ಊರಿನ ಅರ್ಧ ಜಗಳ ನನ್ನ ಹಜಾರದಲ್ಲೇ ಶುರುವಾಗುತ್ತದೆ.

ಚಕ್ರ ನಲವತ್ತು ದಿನ ನಿಂತೇ ಇದ್ದರೆ ಮನೆಯವರು ಬಂದು ನಾಲ್ಕೂ ಚಕ್ರ ಬಿಚ್ಚಿಕೊಂಡು ಹೋಗುತ್ತಾರೆ. ಅಲ್ಲಿಗೆ ಕಾಯುವುದು ಮುಗಿಯಿತು. ಆಮೇಲೆ ಅವರು ಬೇರೆ ಮದುವೆಯಾಗಬಹುದು, ಊರು ಬಿಡಬಹುದು, ಹೋದವನ ಅಂಗಿಗಳನ್ನು ಬೇರೆ ಯಾರಿಗಾದರೂ ಕೊಡಬಹುದು. ತಿರುಗುತ್ತಿರುವವರೆಗೆ ಮಾತ್ರ ಕಾಯುತ್ತಾರೆ. ಯಾರೂ ಬಲವಂತ ಮಾಡುವುದಿಲ್ಲ, ಆದರೂ ಕಾಯುತ್ತಾರೆ. ಬಿಚ್ಚಲು ಮನೆಯವರೇ ಇಲ್ಲದಿದ್ದರೆ ನಲವತ್ತನೆಯ ದಿನ ನಾನೇ ಬಿಚ್ಚಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ.

ಸರ್ವಮಂಗಳಮ್ಮ ಕಾಯುತ್ತಿದ್ದುದು ಹಾಲೇಶಪ್ಪನನ್ನು. ಅವರ ಗಂಡ, ಹೊಲಿಗೆ ಯಂತ್ರದ ಬಿಡಿಭಾಗ ಮಾರಿಕೊಂಡು ತಿರುಗುವವನು. ಒಂಬತ್ತು ವರ್ಷದ ಹಿಂದೆ ಕೆನೆಬಣ್ಣದ ಪದ್ಮಿನಿ ಕಾರಿನಲ್ಲಿ, ಹತ್ತು ದಿನದಲ್ಲಿ ಬರುತ್ತೇನೆ ಎಂದು ಹೋದ. ಬರಲಿಲ್ಲ, ಕಾಗದವಿಲ್ಲ, ಫೋನಿಲ್ಲ. ಆದರೆ ಅವನ ಮರಿಗಾಡಿ ತಿರುಗುತ್ತಿತ್ತು. ಹೊತ್ತುಗೊತ್ತಿಲ್ಲದ ತಿರುಗಾಟ ಅದು. ನಾಲ್ಕು ದಿನ ಬಿಡದೆ ಓಡಿ ಒಂದು ವಾರ ಎಲ್ಲೋ ನಿಂತುಬಿಡುತ್ತಿತ್ತು, ಮತ್ತೆ ಕೋಳಿ ಕೂಗುವ ಮೊದಲೇ ಹೊರಡುತ್ತಿತ್ತು. ಅವನ ಸ್ವಭಾವವೇ ಹಾಗೆ ಎಂದು ಸರ್ವಮಂಗಳಮ್ಮನೇ ಹೇಳುತ್ತಿದ್ದರು.

ಅವರು ಕಾರಿನ ಸೀಟಿಗೆ ರೆಕ್ಸಿನ್ ಕವರು ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಸಂಜೆ ಐದಕ್ಕೆ ಅಂಗಡಿಯಿಂದ ನೇರ ನನ್ನ ಹಜಾರಕ್ಕೆ ಬರುತ್ತಿದ್ದರು. ಮೊದಮೊದಲು ನಿಂತುಕೊಂಡೇ ನೋಡಿ ಹೋಗುತ್ತಿದ್ದರು. ಆಮೇಲೆ ನಾನೊಂದು ಸ್ಟೂಲು ಹಾಕಿದೆ, ಆಮೇಲೆ ಟೀ. ಅವರು ರೆಕ್ಸಿನ್ನಿನ ಚೂರುಪಾರು ತಂದು ಕೊಡುತ್ತಿದ್ದರು, ನನ್ನ ಪುಟ್ಟ ಸೀಟುಗಳಿಗೆ ಆಗಲಿ ಎಂದು. ಕೆಲವೊಮ್ಮೆ ಪೊಟ್ಟಣದಲ್ಲಿ ಮಂಡಕ್ಕಿ. ಅರ್ಧ ಗಂಟೆ. ಮಾತು ಹೆಚ್ಚಿಲ್ಲ. ನನಗೆ ಮದುವೆಯಾಗಿಲ್ಲ, ಅದಕ್ಕೆ ದೊಡ್ಡ ಕಾರಣವೂ ಇಲ್ಲ, ಆಗಲಿಲ್ಲ ಅಷ್ಟೆ. ದಿನವಿಡೀ ನಾನು ಹಲ್ಲುಕಡ್ಡಿಯ ತುದಿಗೆ ಬಣ್ಣ ಅದ್ದಿಕೊಂಡು ಯಾರದೋ ಕಾರಿನ ಬಾಗಿಲಿಗೆ ಹಿಡಿಕೆ ಬರೆಯುತ್ತಾ ಕೂತಿರುತ್ತಿದ್ದೆ, ಕಿವಿ ಮಾತ್ರ ಗಡಿಯಾರದ ಕಡೆ ಇರುತ್ತಿತ್ತು. ಆ ಅರ್ಧ ಗಂಟೆ ಇಲ್ಲದಿದ್ದರೆ ನಾನು ಯಾರೊಡನೆಯೂ ಬಾಯಿ ಬಿಡದೆ ಮಲಗುವ ದಿನಗಳೇ ಹೆಚ್ಚು.

ಸುಮಾರು ಐದು ವರ್ಷದ ಹಿಂದೆ, ಕಾರ ಹುಣ್ಣಿಮೆಯ ಮಾರನೆಯ ದಿನ ಮಧ್ಯಾಹ್ನ ಮೂರೂಕಾಲಿಗೆ ಹಾಲೇಶಪ್ಪನ ಚಕ್ರ ನಿಂತಿತು. ನಾನು ಪಕ್ಕದ ಗಾಡಿಯ ಧೂಳು ಒರೆಸುತ್ತಿದ್ದೆ, ಕಣ್ಣಾರೆ ನೋಡಿದೆ. ಮೊದಲೂ ನಿಂತದ್ದುಂಟು, ತಲೆ ಕೆಡಿಸಿಕೊಳ್ಳಲಿಲ್ಲ. ವಾರವಾಯಿತು, ಹದಿನೈದು ದಿನವಾಯಿತು, ತಿಂಗಳಾಯಿತು. ಸರ್ವಮಂಗಳಮ್ಮ ದಿನಾ ಬಂದು ನೋಡಿ, ಟೀ ಕುಡಿದು ಹೋಗುತ್ತಿದ್ದರು. ಮೂವತ್ತೊಂಬತ್ತನೆಯ ಸಂಜೆ ಲೋಟ ಕೆಳಗಿಟ್ಟು ಹೇಳಿದರು.

“ನಾಳೆಗೆ ನಲವತ್ತು, ಓಂಕಾರಪ್ನೋರೆ. ಸ್ಕ್ರೂಡ್ರೈವರ್ ಎತ್ತಿಟ್ಟಿರಿ. ಚಕ್ರ ಬಿಚ್ಕಂಡು ನಮ್ಮಕ್ಕನ ಊರಿಗೆ ಹೋಗಿಬಿಡ್ತೀನಿ. ಅಲ್ಲೂ ಸೀಟು ಹೊಲಿಯೋರು ಬೇಕಂತೆ.”

“ಹೌದಾ?” ಎಂದೆ.

ಮಾರನೆಯ ಬೆಳಿಗ್ಗೆ ನಾನು ಮಾಡಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ಹಾಲೇಶಪ್ಪನ ಮರಿಗಾಡಿಯನ್ನು ಮಗುಚಿ, ತಳದ ಎರಡು ಸ್ಕ್ರೂ ಬಿಚ್ಚಿ, ಕೆಟ್ಟ ಆಟಿಕೆಯೊಂದರಿಂದ ತೆಗೆದ ಪುಟ್ಟ ಮೋಟಾರು ಮತ್ತು ಒಂದು ಸೆಲ್ಲು ಒಳಗೆ ಕೂರಿಸಿದೆ. ಗುಂಯ್‌ ಎನ್ನುವ ಸದ್ದು ಕೇಳಬಾರದೆಂದು ಅವರೇ ಕೊಟ್ಟಿದ್ದ ರೆಕ್ಸಿನ್ ಚೂರಿನಲ್ಲಿ ಸುತ್ತಿದೆ. ಹಿಂದಿನ ಚಕ್ರದ ಪಕ್ಕ ಉಗುರಿಗೆ ಮಾತ್ರ ಸಿಗುವಂಥ ಒಂದು ಸ್ವಿಚ್ಚು. ಬಹಳ ನಾಜೂಕಿನ ಕೆಲಸ. ಅಷ್ಟು ಚೆನ್ನಾಗಿ ಬಂತಲ್ಲ ಎಂದು ಆಗ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಐದಕ್ಕೆ ಅವರು ಚಕ್ರ ಹಾಕಿಕೊಳ್ಳಲು ಒಂದು ಬಟ್ಟೆಯ ಚೀಲ ಹಿಡಿದು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಚಕ್ರ ತಿರುಗುತ್ತಿತ್ತು. ಚೀಲವನ್ನು ಬಾಯಿಗೆ ಒತ್ತಿಕೊಂಡು ಅತ್ತರು, ನಡುವೆ ನಕ್ಕರು, “ಬದುಕ್ಯಾರೆ ನೋಡ್ರಿ” ಎಂದರು. ನಾನು ಟೀ ಕಾಸಲು ಒಳಗೆ ಹೋದೆ. ನಾಳೆಯೇ ತೆಗೆದುಬಿಡುತ್ತೇನೆ ಎಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ.

ಹೀಗೆ ನಾಲ್ಕು ವರ್ಷ ಹಾಲೇಶಪ್ಪನ ಕಾರನ್ನು ನಾನು ಓಡಿಸಿದೆ. ಬೆಳಿಗ್ಗೆ ಎಂಟಕ್ಕೆ ಹೊರಡಿಸುತ್ತಿದ್ದೆ. ಒಂದಕ್ಕೆ ಊಟಕ್ಕೆ ನಿಲ್ಲಿಸಿ, ಎರಡಕ್ಕೆ ಮತ್ತೆ ಹೊರಡಿಸಿ, ಸಂಜೆ ಏಳಕ್ಕೆ ಯಾವುದಾದರೂ ಊರಿನಲ್ಲಿ ತಂಗಿಸುತ್ತಿದ್ದೆ. ಭಾನುವಾರ ರಜೆ. ಹಬ್ಬ ಬಂದರೆ ಎರಡು ದಿನ. ಪ್ರತಿ ಬೆಳಿಗ್ಗೆ ಸ್ವಿಚ್ಚು ಒತ್ತುವ ಮೊದಲು ಚಕ್ರ ತಾನಾಗಿಯೇ ತಿರುಗುತ್ತಿದೆಯೇ ಎಂದು ನೋಡುತ್ತಿದ್ದೆ. ಒಂದು ದಿನವೂ ತಿರುಗಲಿಲ್ಲ. ತಿರುಗಲಿ ಎಂದು ನಾನು ಬೇಡಿಕೊಳ್ಳಲೂ ಇಲ್ಲ.

ಒಂದು ಶ್ರಾವಣದಲ್ಲಿ ನನಗೆ ಜ್ವರ ಬಂತು. ಐದು ದಿನ ಮಂಚದಿಂದ ಏಳಲಾಗಲಿಲ್ಲ. ಎದುರುಮನೆಯವರು ಹಜಾರದ ಬಾಗಿಲನ್ನು ಬೆಳಿಗ್ಗೆ ತೆಗೆದು ರಾತ್ರಿ ಹಾಕುತ್ತಿದ್ದರು. ಸ್ವಿಚ್ಚು ಒತ್ತುವವರಿಲ್ಲದೆ ಹಾಲೇಶಪ್ಪ ಐದು ದಿನ ನಿಂತೇ ಇದ್ದ. ಸಂಜೆ ಐದಕ್ಕೆ ಸರ್ವಮಂಗಳಮ್ಮ ಬಂದು ನಿಂತದ್ದು ಗೋಡೆಯ ಈ ಕಡೆ ಮಲಗಿದ್ದ ನನಗೆ ತಿಳಿಯುತ್ತಿತ್ತು. ನಾನು ಧೂಳು ಕೂರದ ಹಾಗೆ ಕೋಣೆಯ ಬಾಗಿಲು ಹಾಕಿಕೊಂಡು ಬಣ್ಣದ ಕೆಲಸದಲ್ಲಿದ್ದೇನೆ ಎಂದುಕೊಂಡು ಅವರು ಒಳಗೆ ಇಣುಕುತ್ತಿರಲಿಲ್ಲ. “ಮೈಗೆ ಹುಷಾರಿಲ್ವೇನೋ. ಯಾವ ಊರಾಗೆ ಮಲಗ್ಯಾರೋ, ಯಾರು ಗಂಜಿ ಕಾಸಿ ಕೊಡ್ತಾರೋ. ಶಿವನೇ, ಎದ್ದು ಕೂರೋ ಹಂಗೆ ಮಾಡಪ್ಪ” ಎಂದು ಮರಿಗಾಡಿಯ ಮುಂದೆ ಸಣ್ಣಗೆ ಹೇಳಿಕೊಳ್ಳುತ್ತಿದ್ದರು. ನನಗೆ ಮೈ ಸುಡುತ್ತಿತ್ತು. ಗೋಡೆಗೆ ಕೆನ್ನೆಯಿಟ್ಟು ಕೇಳಿಸಿಕೊಂಡೆ. ನನ್ನ ಜ್ವರ ಇಳಿಯಲೆಂದು ನನ್ನ ತಾಯಿ ಸತ್ತ ಮೇಲೆ ಯಾರೂ ಬೇಡಿಕೊಂಡಿರಲಿಲ್ಲ. ಹಾಲೇಶಪ್ಪನ ಹೆಸರಿನಲ್ಲಾದರೂ ಆಗಲಿ, ನನಗಾಗಿ ಒಬ್ಬರು ಕಾಯುತ್ತಿದ್ದರು. ಆ ಐದು ದಿನ ನಾನು ಸುಖವಾಗಿದ್ದೆ. ಅದಕ್ಕೇ ನನಗೆ ನನ್ನ ಮೇಲೆ ಇವತ್ತಿಗೂ ನಾಚಿಕೆ.

ಕಳೆದ ಯುಗಾದಿಯಾದ ಮೇಲೆ ಅವರು ಬರುವುದು ಒಂದೊಂದು ದಿನ ತಡವಾಗತೊಡಗಿತು. ಕೈಗೆ ಗ್ರೀಸು ಮೆತ್ತಿರುತ್ತಿತ್ತು. ಕೇಳಿದರೆ ನಕ್ಕುಬಿಡುತ್ತಿದ್ದರು. ಒಂದು ಸಂಜೆ ಹಜಾರದ ಮುಂದೆ ನೀಲಿ ಬಣ್ಣದ ಹಳೆಯ ಮಾರುತಿ ಎಂಟುನೂರು ಬಂದು, ಎರಡು ಸಲ ಮುಗ್ಗರಿಸಿ ನಿಂತಿತು. ಸ್ಟೇರಿಂಗಿನ ಹಿಂದೆ ಇವರೇ.

“ಅಂಗಡಿ ಹಿತ್ಲಾಗೆ ಯಾರೋ ಬಿಟ್ಟು ಹೋಗಿದ್ದು, ಮಾಲೀಕರು ನನಗೇ ಕೊಟ್ರು. ನಾನೇ ಸೀಟು ಹೊಲ್ದೀನಿ, ನೋಡ್ರಿ ಬರ್ರಿ.”

ಮೆರೂನ್ ಬಣ್ಣದ ಸೀಟು, ಅಂಚಿಗೆ ಹಳದಿ ಪಟ್ಟಿ. ಹೊಲಿಗೆ ಎಂದರೆ ಹೊಲಿಗೆ. ಅವರು ಗಿಡ್ಡ, ಅದಕ್ಕೇ ಡ್ರೈವರ್ ಸೀಟನ್ನು ಪೂರ್ತಿ ಮುಂದಕ್ಕೆಳೆದು, ಮೇಲೊಂದು ದಿಂಬು ಹಾಕಿಕೊಂಡಿದ್ದರು. ದಿಂಬಿಗೂ ಅದೇ ಮೆರೂನ್ ಗವಸು.

“ಇದಕ್ಕೊಂದು ಮರಿ ಮಾಡಿಕೊಡ್ರಿ” ಎಂದರು. “ಅವರನ್ನ ಹುಡ್ಕೋಕೆ ಹೋಗ್ತೀನಿ.”

“ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಹುಡ್ಕೋದು?” ಎಂದೆ.

“ಮೊದ್ಲಿನ ಮನುಷ್ಯನೇ ಆಗಿದ್ರೆ ಹುಡುಕ್ತಿರಲಿಲ್ಲ ಬಿಡ್ರಿ. ಕಾಯೋದು ಕಾಯ್ತಿದ್ದೆ, ಬರ್ಲಿ ಅಂತಲ್ಲ. ಆದ್ರೆ ನೀವೂ ನೋಡೀರಲ್ಲ, ನಾಲ್ಕು ವರ್ಷದಿಂದ ಎಂಥಾ ನೇಮಸ್ತರಾಗ್ಯಾರೆ! ಮಧ್ಯಾಹ್ನ, ಕತ್ತಲಾದಾಗ ಈ ಕಡೆ ಹಾದು ಹೋದ್ರೆ ನಾನೂ ಇಣುಕ್ತೀನಲ್ಲ, ಹೊತ್ತಿಗೆ ಸರಿಯಾಗಿ ಊಟ. ಕತ್ತಲಾದ್ರೆ ಗಾಡಿ ಮುಟ್ಟಲ್ಲ. ಭಾನುವಾರ ಮನೇಲಿರ್ತಾರೆ. ಯಾರೂ ಇಲ್ದೋರು ಹಂಗೆ ಬದುಕ್ತಾರೆ, ಓಂಕಾರಪ್ನೋರೆ. ಪಾಪ, ಒಬ್ರೇ ಅದಾರೆ ಅನ್ಸುತ್ತೆ. ಬರೋಕೆ ಮುಖ ಇಲ್ದೆ ಸುತ್ತಾಡ್ತಾ ಇರ್ಬೋದು. ನಾನೇ ಹೋಗಿ ಕರ್ಕಂಬರ್ತೀನಿ.”

ನಾನು ಅವನಿಗೆ ನನ್ನ ದಿನಚರಿಯನ್ನೇ ಹಾಕಿಬಿಟ್ಟಿದ್ದೆ. ಒಂದಕ್ಕೆ ಊಟ ಮಾಡುವವನು ನಾನು. ಭಾನುವಾರ ಹೋಗಲು ಎಲ್ಲೂ ಜಾಗವಿಲ್ಲದವನೂ ನಾನೇ. ಬೇರೆಯವರ ಕಾರಿನ ಒಂದು ಗೀರನ್ನೂ ತಪ್ಪದೆ ತರುವ ಕಸಬುದಾರ, ಹಾಲೇಶಪ್ಪನ ಹೊತ್ತುಗೊತ್ತಿಲ್ಲದ ಓಟವನ್ನು ನಕಲು ಮಾಡಲು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಅವರು ಇಲ್ಲದ ಒಬ್ಬ ಗಂಡನನ್ನು ಹುಡುಕಿಕೊಂಡು, ಎರಡು ತಿಂಗಳ ಹಿಂದೆ ಗೇರು ಹಾಕಲು ಕಲಿತ ಕೈಯಲ್ಲಿ, ಗೊತ್ತಿಲ್ಲದ ರಸ್ತೆಗಳಲ್ಲಿ ಎಷ್ಟು ವರ್ಷ ಅಲೆಯಬೇಕು?

ಹೇಳಬೇಕಿತ್ತು. ಹೇಳಲಿಲ್ಲ. ಅದರ ಬದಲು ಅವರು ಹೋಗದಂತೆ ಮಾಡುವುದು ನನ್ನ ಕೈಯಲ್ಲೇ ಇತ್ತು. ಮಾರುತಿಯ ಮರಿಯನ್ನು ಹನ್ನೆರಡು ದಿನದಲ್ಲಿ ಕಟ್ಟಿದೆ. ನೀಲಿ ಬಣ್ಣವನ್ನು ಮೂರು ಸಲ ಬೆರೆಸಿ ಸರಿ ಮಾಡಿದೆ. ಹಿಂದಿನ ಬಂಪರಿನ ಬಿರುಕು, ಬಲಗನ್ನಡಿಗೆ ಕಟ್ಟಿದ ಕಪ್ಪು ದಾರ, ಸೀಟಿನ ಹಳದಿ ಅಂಚು, ಎಲ್ಲ ತಂದೆ. ದಿಂಬು ಮಾತ್ರ ಹಾಕಲಿಲ್ಲ.

ಅವರು ಕಮಾನಿನವರೆಗೆ ಓಡಿಸಿಕೊಂಡು ಹೋದರು. ನಾನು ಹಲಗೆಯ ಮುಂದೆ ನಿಂತಿದ್ದೆ. ಫೋನು ಬಂತು.

“ಹಿಡೀತೇನ್ರೀ?”

“ಇಲ್ಲ ಸಾಬ್ರೇ.”

“ನಿಮ್ ಕೈಯಾಗೆ ಹಿಡೀಲಿಲ್ಲ ಅಂದ್ರೆ ಏನ್ರೀ ಇದು? ವಯಸ್ಸಾತಾ?” ಎಂದು ನಕ್ಕು, ಗಾಡಿ ತಿರುಗಿಸಿ ಕಳಿಸಿದರು.

ಎರಡನೆಯ ದಿನ ಸುಮ್ಮನೆ ಬಾಗಿಲಿಗೆ ಇನ್ನೊಂದು ಸಲ ಬಣ್ಣ ಹೊಡೆದೆ. ಹಿಡಿಯಲಿಲ್ಲ. ಮೂರನೆಯ ದಿನ ಚಕ್ರ ಬದಲಿಸಿದ ಹಾಗೆ ಮಾಡಿದೆ. ಹಿಡಿಯಲಿಲ್ಲ. ಆ ಸಂಜೆ ಅವರು ಬಂದು ಸ್ಟೂಲಿನ ಮೇಲೆ ಕೂತವರು ಟೀ ಮುಟ್ಟಲಿಲ್ಲ. ಮಡಿಲಲ್ಲಿ ಕೈಗಳನ್ನು ಮಗುಚಿಟ್ಟುಕೊಂಡು ನೋಡುತ್ತಿದ್ದರು. ಸೂಜಿ ಚುಚ್ಚಿ ಗಟ್ಟಿಯಾದ ಬೆರಳುಗಳು.

“ನಿಮ್ಮ ಕೆಲಸ ತಪ್ಪಲ್ಲ, ಅದು ನಂಗೊತ್ತು” ಎಂದರು. “ನನ್ನಲ್ಲೇ ಏನೋ ಐಬೈತೆ. ಅವರನ್ನ ಕರ್ಕಂಬರೋ ಯೋಗ್ಯತೆ ನನಗಿಲ್ಲ ಅಂತ ಗಾಡಿಗೂ ಗೊತ್ತಾಗೈತೆ ನೋಡ್ರಿ. ಅವರಿದ್ದಾಗ ನಾನೇನು ಸುಮ್ನೆ ಇದ್ದೆನಾ, ದಿನಾ ಬಾಯಿ ಮಾಡ್ತಿದ್ದೆ. ಅದಕ್ಕೇ ಹೋದ್ರು. ಈಗ ನನ್ನ ಬಾಯಿ ಇಲ್ದೆ ಎಷ್ಟು ಚಂದಾಗಿ ಬದುಕ್ತಾ ಅದಾರೆ.”

ಇದನ್ನು ಮಾತ್ರ ನನ್ನಿಂದ ತಡೆಯಲಾಗಲಿಲ್ಲ. ಎದ್ದು ಹೋಗಿ ಹಲಗೆಯಿಂದ ಹಾಲೇಶಪ್ಪನ ಪದ್ಮಿನಿಯನ್ನು ಎತ್ತಿಕೊಂಡು ಬಂದೆ. ಚಕ್ರ ತಿರುಗುತ್ತಲೇ ಇತ್ತು. ಅವರ ಮುಂದೆ ಮೇಜಿನ ಮೇಲೆ ಮಗುಚಿ ಇಟ್ಟು ತಳದ ಎರಡು ಸ್ಕ್ರೂ ಬಿಚ್ಚಿದೆ. ರೆಕ್ಸಿನ್ ಚೂರು ಸರಿಸಿದೆ. ಮೋಟಾರಿನ ಸದ್ದು ಹಜಾರದಲ್ಲೆಲ್ಲ ಕೇಳಿಸಿತು.

“ನಾಲ್ಕು ವರ್ಷದ ಹಿಂದೆ ನಿಂತೋಯ್ತು” ಎಂದೆ. “ಮತ್ತೆ ತಿರುಗಲೇ ಇಲ್ಲ. ನಲವತ್ತನೇ ದಿನ ನಾನೇ ಇದನ್ನ ಹಾಕಿದೆ.”

ಅವರು ಬಗ್ಗಿ ನೋಡಿದರು. ಮೊದಲು ಕೈಯಿಟ್ಟದ್ದು ರೆಕ್ಸಿನ್ ಚೂರಿನ ಮೇಲೆ. ಅದನ್ನು ಎತ್ತಿ, ಎರಡು ಬೆರಳ ನಡುವೆ ತಿಕ್ಕಿ ನೋಡಿ, ಕೆಳಗಿಟ್ಟರು.

“ಭಾನುವಾರ?”

“ನಾನೇ.”

“ಒಂದು ಗಂಟೆಗೆ ಊಟಕ್ಕೆ ನಿಲ್ತಿದ್ದು?”

“ನನ್ನ ಊಟದ ಹೊತ್ತು.”

“ಆ ಶ್ರಾವಣದಾಗೆ ಐದು ದಿನ ನಿಂತಿತ್ತು.”

“ನನಗೆ ಜ್ವರ ಬಂದಿತ್ತು. ಒಳಗೆ ಮಲಗಿದ್ದೆ.”

ಅವರು ಗೋಡೆಯ ಕಡೆ ನೋಡಿದರು, ಮತ್ತೆ ನನ್ನ ಕಡೆ. “ಐದು ದಿನ ಒಪ್ಪತ್ತು ಮಾಡಿದ್ದೆ ನಾನು” ಎಂದರು. “ಯಾರು ನೋಡ್ಕಂಡ್ರು ನಿಮ್ಮನ್ನ?”

“ಯಾರೂ ಇಲ್ಲ.”

“ಒಂದು ಮಾತು ಕೂಗಿದ್ರೆ ಆಗ್ತಿರಲಿಲ್ವಾ? ಗೋಡೆ ಆಚೆಗೇ ಇದ್ನಲ್ಲ.”

ಕೂಗಿದ್ದರೆ ಗಂಜಿ ಸಿಗುತ್ತಿತ್ತು. ಕೂಗುವುದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ್ದೆ. ಯಾಕೆ ಹೀಗೆ ಮಾಡಿದೆ ಎಂದು ಅವರು ಕೇಳಲಿಲ್ಲ. ಕೇಳಲಿ ಎಂದು ಕಾದೆ. “ಯಾವತ್ತು ನಿಂತಿದ್ದು?” ಎಂದಷ್ಟೇ ಕೇಳಿದರು. ದಿನ, ಗಂಟೆ ಹೇಳಿದೆ. ಬಾಯಲ್ಲೇ ಒಮ್ಮೆ ಹೇಳಿಕೊಂಡು ಕೈಚಾಚಿದರು. ಸ್ವಿಚ್ಚು ಆರಿಸಿ ಸ್ಕ್ರೂಡ್ರೈವರ್ ಕೊಟ್ಟೆ. ನಾಲ್ಕೂ ಚಕ್ರಗಳನ್ನು ತಾವೇ ಒಂದೊಂದಾಗಿ ಬಿಚ್ಚಿದರು. ಕೊನೆಯದು ಬಿಗಿಯಾಗಿತ್ತು, ನಾನು ಕೈ ಮುಂದೆ ಮಾಡಿದೆ, “ಬ್ಯಾಡ” ಎಂದರು. ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನಾಲ್ಕು ವರ್ಷ ತಡವಾಗಿ ಹಾಲೇಶಪ್ಪ ನಿಂತ.

ಆಮೇಲೆ ಅವರ ಕಣ್ಣು ಮೇಜಿನ ಆ ತುದಿಯಲ್ಲಿದ್ದ ಮಾರುತಿಯ ಮರಿಯ ಮೇಲೆ ಬಿತ್ತು. ಎತ್ತಿ ಕಿಟಕಿಯೊಳಗೆ ನೋಡಿದರು.

“ದಿಂಬೆಲ್ಲಿ?”

ನಾನು ತಲೆ ತಗ್ಗಿಸಿದೆ.

“ಇದೂನಾ?” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ನನ್ನ ಚೂರುಗಳ ಡಬ್ಬಿ ತಡಕಿ ಮೆರೂನ್ ರೆಕ್ಸಿನ್ ಹುಡುಕಿಕೊಂಡರು. ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಹತ್ತಿ ತುರುಕಿ, ಹುಣಸೆಬೀಜದಷ್ಟು ದೊಡ್ಡ ದಿಂಬು ಹೊಲಿದರು. ಅಷ್ಟು ಸಣ್ಣ ಹೊಲಿಗೆ ನಾನು ಹಾಕಲಾರೆ. ಇಕ್ಕಳದಲ್ಲಿ ಹಿಡಿದು ಸೀಟಿನ ಮೇಲಿಟ್ಟು, ಹೊರಗೆ ಹೋಗಿ ಕಾರು ಸ್ಟಾರ್ಟು ಮಾಡಿ ಹತ್ತು ಮಾರು ಮುಂದೆ ಹೋದರು. ಮೇಜಿನ ಮೇಲೆ ಮರಿ ತಾನಾಗಿ ಉರುಳಿ ಅಂಚಿಗೆ ಬಂತು. ನಾನು ಹಿಡಿದುಕೊಂಡೆ.

ಮಾರನೆಯ ಬೆಳಿಗ್ಗೆ ಹೊರಡುವ ಮೊದಲು ಒಂದು ನಿಮಿಷ ಹಜಾರದ ಮುಂದೆ ಕಾರು ನಿಲ್ಲಿಸಿದರು. ಇಳಿಯಲಿಲ್ಲ.

“ಯಾವ ಕಡೆಗೆ? ಅಕ್ಕನ ಊರಿಗಾ?” ಎಂದು ಕೇಳಿದೆ.

“ಅಕ್ಕ ತೀರ್ಕಂಡು ಎರಡು ವರ್ಷ ಆತಲ್ಲ, ಓಂಕಾರಪ್ನೋರೆ. ನಾನೇ ಹೇಳಿದ್ದೆ ನಿಮಗೆ. ನೋಡಾನ, ಎಲ್ಲಿ ಸೀಟು ಹೊಲಿಯೋರು ಬೇಕೋ ಅಲ್ಲಿ.”

ಹೇಳಿದ್ದರು. ಅವತ್ತು ಇದೇ ಸ್ಟೂಲಿನ ಮೇಲೆ ಕೂತು ಅತ್ತಿದ್ದರು. ನಾನು ನಲವತ್ತನೆಯ ದಿನ ಬಿಟ್ಟುಕೊಟ್ಟಿದ್ದರೆ ಎರಡು ವರ್ಷ ಅಕ್ಕನ ಜೊತೆ ಇರುತ್ತಿದ್ದರು. ಈ ಲೆಕ್ಕ ನನಗೆ ಆ ಗಳಿಗೆಯವರೆಗೆ ಹೊಳೆದಿರಲಿಲ್ಲ. ಕಾರಿನ ಬಾಗಿಲು ಹಿಡಿದುಕೊಂಡೇ ನಿಂತೆ.

“ನನ್ನದು ತಪ್ಪಾಯ್ತು” ಎಂದೆ.

“ಆತು. ನಿಮ್ಮ ಮೇಲೆ ಸಿಟ್ಟೈತೆ ನನಗೆ. ಎಷ್ಟೈತೆ ಅಂತ ಇನ್ನೂ ಗೊತ್ತಾಗಿಲ್ಲ, ಆ ಕಡೆ ಹೋದ್ಮೇಲೆ ಗೊತ್ತಾಗುತ್ತೆ.” ಗೇರು ಹಾಕಿದರು. “ನನ್ನ ಗಾಡಿಗೆ ಕೈ ಹಚ್ಚಬ್ಯಾಡ್ರಿ. ನಿಂತ್ರೆ ನಿಲ್ಲಲಿ.”

ಜಬ್ಬಾರ್ ಸಾಬರ ಫೋನು ಬಂತು. ಹಿಡೀತು, ಬಿಡ್ರಿ ಎಂದೆ.

ನೀಲಿ ಮಾರುತಿಯ ಚಕ್ರ ಹನ್ನೊಂದು ದಿನ ತಿರುಗಿತು. ಮೊದಲ ದಿನ ಮಾತುಮಾತಿಗೆ ನಿಲ್ಲುತ್ತಿತ್ತು, ಗೇರು ಇನ್ನೂ ಒಗ್ಗಿಲ್ಲವೆಂದು ತಿಳಿಯುತ್ತಿತ್ತು. ಆರನೆಯ ದಿನದ ಹೊತ್ತಿಗೆ ಒಂದೇ ಸಮನೆ ಓಡಿತು. ಸಂಜೆ ಐದಕ್ಕೆ ಎರಡು ಲೋಟ ಟೀ ಕಾಸಿ, ಎರಡನ್ನೂ ನಾನೇ ಕುಡಿದೆ. ಹನ್ನೆರಡನೆಯ ದಿನ ಚಕ್ರ ತಿರುಗಲಿಲ್ಲ. ಎಲ್ಲೋ ಕೆಲಸ ಸಿಕ್ಕಿರಬೇಕು, ಮನೆ ಸಿಕ್ಕಿರಬೇಕು, ಅಂಗಡಿಗೆ ನಡೆದೇ ಹೋಗುತ್ತಿರಬೇಕು ಎಂದುಕೊಂಡೆ. ಬೇರೆ ಏನೇನೋ ಕೂಡ ಅಂದುಕೊಂಡೆ. ಆ ಗಾಡಿಯನ್ನು ನೋಡಲು ಬರುವವರು ಊರಿನಲ್ಲಿ ಯಾರೂ ಇರಲಿಲ್ಲ. ನಲವತ್ತು ದಿನವಾದರೆ ಅದರ ಚಕ್ರ ಬಿಚ್ಚಬೇಕಾದವನು ನಾನೇ.

ಹತ್ತು, ಇಪ್ಪತ್ತು, ಮೂವತ್ತು. ಬೇರೆಯವರ ಗಾಡಿಗಳು ಅಕ್ಕಪಕ್ಕದಲ್ಲಿ ಗಿರಿಗಿರಿ ತಿರುಗುತ್ತಿದ್ದವು, ಜನ ಬರುತ್ತಿದ್ದರು, ನೋಡುತ್ತಿದ್ದರು, ಹೋಗುತ್ತಿದ್ದರು. ಕಾಯುವವರು ಹೇಗೆ ಕಾಯುತ್ತಾರೆಂಬುದು ಇಪ್ಪತ್ತೆಂಟು ವರ್ಷ ಅವರ ನಡುವೆ ಕೂತಿದ್ದರೂ ನನಗೆ ಗೊತ್ತಿರಲಿಲ್ಲ. ಮೂವತ್ತೆಂಟನೆಯ ದಿನ ನನ್ನ ಕೈ ತಾನಾಗಿ ಮೇಜಿನ ಡ್ರಾಯರಿಗೆ ಹೋಯಿತು. ಮೋಟಾರು ಅಲ್ಲೇ ಇತ್ತು. ಹೊಸ ಸೆಲ್ಲು ಹಾಕಿದೆ, ಗುಂಯ್‌ ಎಂದಿತು. ಈ ಸಲ ಮೋಸ ಹೋಗುವವನು ನಾನೊಬ್ಬನೇ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಮಾರುತಿಯನ್ನು ಮಣೆಯಿಂದ ಎತ್ತಲು ಹೋದಾಗ ಕಿಟಕಿಯೊಳಗೆ ಆ ದಿಂಬು ಕಂಡಿತು, ಅದರ ಸಣ್ಣ ಹೊಲಿಗೆ. ಕೈ ಹಿಂದೆ ತೆಗೆದೆ. ಮೋಟಾರನ್ನು ಜೇಬಿಗೆ ಹಾಕಿಕೊಂಡು ಕಮಾನಿನವರೆಗೆ ನಡೆದು ಹೋಗಿ ಜಬ್ಬಾರ್ ಸಾಬರ ಕೈಗೆ ಕೊಟ್ಟೆ.

“ಏನ್ರೀ ಇದು?”

“ನನ್ನ ಹತ್ರ ಇರಬಾರದ್ದು. ನಿಮ್ಮ ಹತ್ರ ಇರಲಿ.”

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಬಂದೋರು ಟೀ ಕುಡ್ಕಂಡು ಹೋಗ್ರಿ” ಎಂದರು. ಇಪ್ಪತ್ತೆಂಟು ವರ್ಷ ಫೋನಿನಲ್ಲಿ ಮಾತಾಡಿದವರ ಕೈಯ ಟೀ ಅವತ್ತು ಮೊದಲ ಸಲ ಕುಡಿದೆ.

ಮೂವತ್ತೊಂಬತ್ತನೆಯ ದಿನ ಕೆಲಸಕ್ಕೆ ಕೂರಲಾಗಲಿಲ್ಲ. ಬಿಸ್ಕತ್ತಿನ ಡಬ್ಬಿ ಕೆಳಗಿಳಿಸಿ ಒರೆಸಿಟ್ಟೆ, ಸಣ್ಣ ಸ್ಕ್ರೂಡ್ರೈವರ್ ಪಕ್ಕದಲ್ಲಿಟ್ಟೆ. ಐದಕ್ಕೆ ಟೀ ಕಾಸಿ, ಅವರು ಕೂರುತ್ತಿದ್ದ ಸ್ಟೂಲನ್ನು ಮಾರುತಿಯ ಎದುರಿಗೆ ಎಳೆದುಕೊಂಡು ನಾನು ಕೂತೆ. ಲೋಟ ಬಾಯಿಗಿಡುವಾಗ ನೀಲಿ ಗಾಡಿಯ ಮುಂದಿನ ಚಕ್ರ ಅಲುಗಿತು. ಒಮ್ಮೆ ಮುಗ್ಗರಿಸಿ ನಿಂತು, ಮತ್ತೆ ಹಿಡಿದು, ಒಂದೇ ಸಮನೆ ತಿರುಗಿತು. ಹತ್ತು ನಿಮಿಷ. ಎಲ್ಲಿಗೂ ಹೋಗಿ ಬರುವಷ್ಟು ಹೊತ್ತಲ್ಲ ಅದು. ಮನೆಯ ಸುತ್ತ ಒಂದು ಸುತ್ತು ಹಾಕಿ, ಇದ್ದ ಜಾಗಕ್ಕೇ ತಂದು ನಿಲ್ಲಿಸುವಷ್ಟು ಹೊತ್ತು. ಆಮೇಲೆ ನಿಂತಿತು. ನಾನು ಅಲ್ಲೇ ಕೂತು ಜೋರಾಗಿ ಅತ್ತೆ, ಹಜಾರದ ಬಾಗಿಲು ತೆರೆದಿದೆ ಎಂಬುದೂ ಮರೆತುಹೋಗಿತ್ತು.

ಮಾರನೆಯ ದಿನ ತಿರುಗಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ನಾನು ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದೆ. ಮೂವತ್ತೊಂಬತ್ತಕ್ಕೆ, ಸಂಜೆ ಐದಕ್ಕೆ, ಮತ್ತೆ ಹತ್ತು ನಿಮಿಷ. ಇದುವರೆಗೆ ಹೀಗೆ ಆರು ಸಲ ಆಗಿದೆ. ಸಿಟ್ಟು ಎಷ್ಟಿತ್ತೆಂದು ಅವರಿಗೆ ಅಲ್ಲಿ ಗೊತ್ತಾಗಿದೆಯೋ ಇಲ್ಲವೋ ನನಗೆ ತಿಳಿಯದು. ಇವತ್ತಿಗೆ ಇಪ್ಪತ್ತಾರನೆಯ ದಿನ. ಬಿಸ್ಕತ್ತಿನ ಡಬ್ಬಿಯನ್ನು ಮೇಲಿಟ್ಟಿದ್ದೇನೆ, ಇನ್ನು ಹದಿಮೂರು ದಿನ ಅದನ್ನು ಇಳಿಸುವ ಕೆಲಸವಿಲ್ಲ.